ಹೊಸ ಮನೆಗೆ ಇವಿ ಚಾರ್ಜಿಂಗ್ ಪಾಯಿಂಟ್ ಕಡ್ಡಾಯವೇ? ಎಂಜಿನಿಯರ್ 38,000 ರೂಪಾಯಿ ಕೇಳುತ್ತಿದ್ದಾರೆ

ನಿವೃತ್ತ ಮೇಷ್ಟ್ರು, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 30×50 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಕೆಳಗೆ ಪೂರ್ತಿ ಪಾರ್ಕಿಂಗ್, ಮೊದಲ ಮಹಡಿಯಲ್ಲಿ ನಾವು ಗಂಡ ಹೆಂಡತಿ, ಅದರ ಮೇಲೆ ಬಾಡಿಗೆಗೆ ಎರಡು ಸಣ್ಣ ಮನೆಗಳು. ಮೊದಲ ಮೋಲ್ಡ್ ಮುಗಿದು ಎರಡನೆಯದಕ್ಕೆ ಸೆಂಟ್ರಿಂಗ್ ಹೊಡೆಯುತ್ತಿದ್ದಾರೆ.

ನಿನ್ನೆ ಎಂಜಿನಿಯರ್ ಬಂದು, "ಸರ್, ಈಗ ಹೊಸ ಮನೆಗಳಿಗೆ ಇವಿ ಚಾರ್ಜಿಂಗ್ ವ್ಯವಸ್ಥೆ ಕಡ್ಡಾಯವಾಗಿದೆ, ಪಾಲಿಕೆಯ ನಿಯಮ, 38,000 ಹೆಚ್ಚುವರಿ ಆಗುತ್ತದೆ" ಎಂದರು. ಯಾವ ನಿಯಮ, ಯಾವ ಪುಟ, ಯಾವ ಪ್ಯಾರಾ ಎಂದು ಕೇಳಿದೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು, ಹೆಜ್ಜೆ ತೋರಿಸದೆ ಬರೀ ಉತ್ತರ ಬರೆದವರಿಗೆ ಅಂಕ ಕೊಟ್ಟವನಲ್ಲ. ಅವರು ನಕ್ಕು, "ಎಲ್ಲರೂ ಹಾಕಿಸುತ್ತಿದ್ದಾರೆ ಸರ್" ಎಂದರು. ಅದು ಉತ್ತರವಲ್ಲ.

ನನಗೆ ಚಾರ್ಜಿಂಗ್ ಬೇಡವೆಂದಲ್ಲ. ಮಗ ಬೆಂಗಳೂರಿನಿಂದ ವಾರಾಂತ್ಯಕ್ಕೆ ಎಲೆಕ್ಟ್ರಿಕ್ ಕಾರಿನಲ್ಲಿ ಬರುತ್ತಾನೆ. ಬಂದವನು ಮೊದಲು ಹುಡುಕುವುದು ಪ್ಲಗ್ಗನ್ನು, ಆಮೇಲೆ ಅಮ್ಮನನ್ನು. ಈಗಿರುವ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಕಿಟಕಿಯಿಂದ ಕೆಂಪು ಎಕ್ಸ್‌ಟೆನ್ಷನ್ ವೈರ್ ಇಳಿಸಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ಹಾಯಿಸಿ, ಕಾರಿಗೆ ಸಿಕ್ಕಿಸುತ್ತಾನೆ. ಕಳೆದ ಸಲ ನಾನು ಪ್ಲಗ್ ಕೀಳಲು ಹೋದಾಗ ಬೆರಳು ಚುರ್ರೆಂದಿತು. ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರದ್ದೂ ಇದೇ ಕಥೆ, ಅವರದು ಸ್ಕೂಟರ್ ಎಂಬುದಷ್ಟೇ ವ್ಯತ್ಯಾಸ. ನಾಳೆ ನನ್ನ ಬಾಡಿಗೆದಾರರೂ ಅವರಂಥವರೇ ಆಗಿರುತ್ತಾರೆ.

ಕೇಳಬೇಕಾದದ್ದು ಇಷ್ಟು. ನಿಜವಾಗಿಯೂ ಕಡ್ಡಾಯವೇ? ಕಡ್ಡಾಯವಲ್ಲದಿದ್ದರೂ ಈಗ ಏನೇನು ಮಾಡಿಸಿಕೊಳ್ಳಬೇಕು? ಬಾಡಿಗೆದಾರರ ಗಾಡಿಗಳ ಕರೆಂಟಿನ ಲೆಕ್ಕ ಯಾರ ತಲೆಗೆ? ಕಾರಿನಿಂದಾಗಿ ನಮ್ಮ ಗೃಹ ಜ್ಯೋತಿ ಹೋಗಿಬಿಡುತ್ತದೆಯೇ ಎಂಬುದು ನನ್ನಾಕೆಯ ಪ್ರಶ್ನೆ. ಅದಕ್ಕೆ ಮೊದಲು ಉತ್ತರ ಕೊಟ್ಟರೂ ಅಡ್ಡಿಯಿಲ್ಲ.

ಲೈನ್‌ಮನ್ ಮಗ, ಹಾಸನ

ಮೇಷ್ಟ್ರೇ, ನಾನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರ. ನನ್ನದು ಚೆಸ್ಕಾಂ ವ್ಯಾಪ್ತಿ, ನಿಮ್ಮದು ಬೆಸ್ಕಾಂ. ಅರ್ಜಿ ನಮೂನೆ ಬೇರೆ ಇದ್ದೀತು, ತಾಮ್ರ ಬಿಸಿಯಾಗುವ ರೀತಿ ಎರಡೂ ಕಡೆ ಒಂದೇ.

ಪುಟ, ಪ್ಯಾರಾ ಕೇಳಿದ್ದೀರಿ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2016ರಲ್ಲಿ ಮಾದರಿ ಕಟ್ಟಡ ಉಪವಿಧಿಗಳನ್ನು ಹೊರಡಿಸಿತ್ತು. 2019ರ ಫೆಬ್ರವರಿಯಲ್ಲಿ ಅದರ 10ನೇ ಅಧ್ಯಾಯಕ್ಕೆ ಇವಿ ಚಾರ್ಜಿಂಗ್ ವಿಷಯ ಸೇರಿಸಿದರು. ಕಟ್ಟಡದ ಒಟ್ಟು ಪಾರ್ಕಿಂಗ್ ಸಾಮರ್ಥ್ಯದ ಶೇ. 20ರಷ್ಟಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕು. ಎಲ್ಲ ಪಾಯಿಂಟ್‌ಗಳೂ ಒಟ್ಟಿಗೆ ಓಡಿದರೆ ಎಷ್ಟು ಹೊರೆ ಬೇಕೋ ಅದನ್ನು 1.25ರಿಂದ ಗುಣಿಸಿ ಅಷ್ಟು ಹೆಚ್ಚುವರಿ ವಿದ್ಯುತ್ ಇಟ್ಟುಕೊಳ್ಳಬೇಕು. ಸ್ವಂತ ಬಳಕೆಯ ಬಿಡಿ ಮನೆಗೆ ಕನಿಷ್ಠ ಒಂದು ನಿಧಾನಗತಿಯ ಚಾರ್ಜರ್. ನಿಮ್ಮ ಎಂಜಿನಿಯರ್ ಹೇಳುತ್ತಿರುವುದರ ಮೂಲ ಬಹುಶಃ ಇದೇ.

ಆದರೆ ಹೆಸರಲ್ಲೇ ಇದೆಯಲ್ಲ, ಅದು ಮಾದರಿ. ರಾಜ್ಯ ತನ್ನ ಉಪವಿಧಿಗೆ ಸೇರಿಸಿಕೊಂಡು, ನಿಮ್ಮ ಊರಿನ ಯೋಜನಾ ಪ್ರಾಧಿಕಾರ ಅಥವಾ ಪಾಲಿಕೆ ನಕ್ಷೆ ಮಂಜೂರು ಮಾಡುವಾಗ ಷರತ್ತಾಗಿ ಬರೆದರೆ ಮಾತ್ರ ನಿಮ್ಮನ್ನು ಕಟ್ಟಿಹಾಕುತ್ತದೆ. ಮಂಜೂರಾದ ನಕ್ಷೆಯ ಜೊತೆ ಷರತ್ತುಗಳ ಹಾಳೆ ಕೊಟ್ಟಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ಫೈಲಿಗೆ ಸೇರಿಸಿ ದಾರ ಕಟ್ಟಿಬಿಡುತ್ತಾರೆ. ಅದನ್ನು ಬಿಚ್ಚಿ ಓದಿ. ಅಲ್ಲಿ ಇದ್ದರೆ ಕಡ್ಡಾಯ. ಇಲ್ಲದಿದ್ದರೆ, ಯಾವ ಆದೇಶದ ಪ್ರಕಾರ ಎಂದು ಎಂಜಿನಿಯರ್ ಕೈಯಲ್ಲೇ ಬರೆಸಿಕೊಳ್ಳಿ.

ಅದೇ ಹಾಳೆಯಲ್ಲಿ ಪಾರ್ಕಿಂಗ್ ಬಗ್ಗೆ ಏನು ಬರೆದಿದೆ ಎಂದೂ ನೋಡಿ. ಇವಿ ಪಾಯಿಂಟಿಗಿಂತ ಅದು ಮುಖ್ಯ. ಮನೆ ನಕ್ಷೆಯಂತೆಯೇ ಮುಗಿದಿದೆ ಎಂದು ಕೊಡುವ ಸ್ವಾಧೀನಾನುಭವ ಪತ್ರ (ಓಸಿ) ತೋರಿಸಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಸ್ಕಾಂಗಳು ಬಿಗಿಯಾಗಿವೆ. ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ, ಆಮೇಲೆ ರೋಲಿಂಗ್ ಶಟರ್ ಇಳಿಸಿ ಅಂಗಡಿ ಮಾಡಿದವರು ಈಗ ತಾತ್ಕಾಲಿಕ ಕರೆಂಟಿನಲ್ಲೇ ಸಂಸಾರ ಮಾಡುತ್ತಿದ್ದಾರೆ. ನೀವು ಹಾಗೆ ಮಾಡುವವರಲ್ಲ, ಗೊತ್ತು. ಓದುವ ಬೇರೆಯವರಿಗಾಗಿ ಹೇಳಿದೆ.

ಈಗ 38,000. ವಿವರ ಕೇಳಿ. ಗೋಡೆಗೆ ಹಾಕುವ 7 ಕಿಲೋವ್ಯಾಟ್ ಚಾರ್ಜರ್ ಡಬ್ಬಿ ಸೇರಿಸಿ ಹೇಳುತ್ತಿದ್ದಾರೋ, ಬರೀ ವೈರಿಂಗಿಗೋ? ವಾರಕ್ಕೊಮ್ಮೆ ಬರುವ ಕಾರಿಗೆ ಆ ಡಬ್ಬಿ ಬೇಡ. ಕಾರಿನ ಜೊತೆ ಬಂದಿರುವ ಕೇಬಲ್ಲನ್ನು 15 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ 3.3 ಕಿಲೋವ್ಯಾಟ್ ಎಳೆಯುತ್ತದೆ. 30 ಯೂನಿಟ್ಟಿನ ಬ್ಯಾಟರಿ ರಾತ್ರಿ ಊಟಕ್ಕೆ ಮುಂಚೆ ಹಾಕಿದರೆ ಬೆಳಗಿನ ಕಾಫಿಗೆ ತುಂಬಿರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಡಿಸುವುದು ಒಂದೇ: ಪೈಪು. ನಿಮ್ಮದು ಮೂರು ಮನೆ, ಹಾಗಾಗಿ ಮೂರು ಮೀಟರ್. ಮೂರೂ ಕೆಳಗೆ, ಗೇಟಿನ ಹತ್ತಿರದ ಮೀಟರ್ ಬೋರ್ಡಿನಲ್ಲಿ ಇರುತ್ತವೆ. ಗಾಡಿ ನಿಲ್ಲುವುದೂ ಕೆಳಗೆ. ಪ್ರತಿ ಮೀಟರಿನಿಂದ ನೇರವಾಗಿ ಒಂದೊಂದು ಪೈಪನ್ನು ಆಯಾ ಮನೆಯ ಗಾಡಿ ನಿಲ್ಲುವ ಗೋಡೆಗೆ ಒಯ್ದುಬಿಡಿ. ಹತ್ತು ಹನ್ನೆರಡು ಅಡಿಯ ಕೆಲಸ. ಬಹಳ ಮಂದಿ ಮಾಡಿಸುವುದೇನೆಂದರೆ, ಮೀಟರಿನಿಂದ ಮೇಲಿನ ಮಹಡಿಯ ಡಿಬಿಗೆ (ಮನೆಯೊಳಗಿನ ಎಂಸಿಬಿ ಪೆಟ್ಟಿಗೆ) ಹೋಗಿ, ಅಲ್ಲಿಂದ ಮತ್ತೆ ಕೆಳಗೆ ಇಳಿಸುವುದು. ತಂತಿ ದುಪ್ಪಟ್ಟು, ವೋಲ್ಟೇಜ್ ಇಳಿತ ಬೇರೆ. ಇನ್ನು ಕೆಲವರು ಮನೆಯ ಯಜಮಾನರ ಮೀಟರಿನಿಂದ ಎಲ್ಲ ಬಾಡಿಗೆದಾರರ ಪಾಯಿಂಟ್ ಕೊಡುತ್ತಾರೆ. ಅದು ತಿಂಗಳು ತಿಂಗಳು ಜಗಳ. ಬಾಡಿಗೆದಾರರ ಮೀಟರಿನಿಂದಲೇ ಬಾಡಿಗೆದಾರರ ಗಾಡಿ ಓಡಿದರೆ ಲೆಕ್ಕ ಕೇಳುವ ಪ್ರಶ್ನೆಯೇ ಇಲ್ಲ. ಮಾದರಿ ಉಪವಿಧಿಯಲ್ಲಿ ಸ್ವಂತ ಬಳಕೆಯ ಮನೆ ಒಂದು ಕಡೆ, ಉಳಿದೆಲ್ಲ ಕಟ್ಟಡಗಳು ಇನ್ನೊಂದು ಕಡೆ. ಕೆಳಗೆ ಮಾಲೀಕ, ಮೇಲೆ ಎರಡು ಬಾಡಿಗೆ ಮನೆ ಎಂಬ ನಮ್ಮೂರುಗಳ ಸಾಮಾನ್ಯ ಮನೆಯನ್ನು ದಿಲ್ಲಿಯಲ್ಲಿ ಕೂತು ಬರೆದವರು ನೋಡಿದಂತಿಲ್ಲ.

ಕಾರಿನ ಪೈಪಿಗೆ ಈಗ 4 ಚದರ ಮಿಮೀ ತಂತಿ ಸಾಕು. ಪೈಪು ಮಾತ್ರ ದಪ್ಪದ್ದು ಹಾಕಿಸಿ, ಮುಂದೆ 7 ಕಿಲೋವ್ಯಾಟ್ ಬೇಕಾದರೆ 6 ಅಥವಾ 10 ಎಳೆದುಕೊಳ್ಳಬಹುದು. ಪ್ರತಿ ಪಾಯಿಂಟಿಗೂ ಬೇರೆ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಆ ಆರ್‌ಸಿಸಿಬಿ ಮೇಲೆ 'ಎ ಟೈಪ್' ಎಂದು ಇರಲಿ, ಅಂಗಡಿಯವರು ಎಸಿ ಟೈಪ್ ಕೊಟ್ಟು ಎರಡೂ ಒಂದೇ ಎನ್ನುತ್ತಾರೆ, ಒಂದೇ ಅಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಇವೆಲ್ಲ ಇವೆ. ಸಾಕೆಟ್ ನೆಲದಿಂದ ಕನಿಷ್ಠ 800 ಮಿಮೀ ಎತ್ತರದಲ್ಲಿರಬೇಕು, ಗಾಡಿಯ ಚಾರ್ಜಿಂಗ್ ಬಾಯಿ ಪಾಯಿಂಟಿನಿಂದ 5 ಮೀಟರಿನೊಳಗೆ ಬರುವಂತೆ ಗಾಡಿ ನಿಲ್ಲಬೇಕು. ನಿಮ್ಮ ಮಗನ ಕೆಂಪು ಎಕ್ಸ್‌ಟೆನ್ಷನ್ ವೈರ್ ಇದೆಯಲ್ಲ, ಅದನ್ನು ಆ ನಿಯಮ ನೇರವಾಗಿ ನಿಷೇಧಿಸುತ್ತದೆ. ಪುಟ, ಪ್ಯಾರಾ ಸಮೇತ ಮಗನಿಗೆ ಹೇಳಿ.

ಸರ್ಜಾಪುರ ರಸ್ತೆ ಶೈಲಜಾ

ಮೇಷ್ಟ್ರೇ, ಸ್ವಂತ ಗೋಡೆ ಇರುವ ನೀವು ಪುಣ್ಯವಂತರು. ನಮ್ಮದು ಅಪಾರ್ಟ್‌ಮೆಂಟ್. ಮಾರುವಾಗ ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ 'ಇವಿಗೆ ಸಿದ್ಧ' ಎಂದು ಹಸಿರು ಎಲೆಯ ಚಿತ್ರ ಇತ್ತು. ಕೀ ತೆಗೆದುಕೊಂಡು ನೆಲಮಾಳಿಗೆಗೆ ಇಳಿದರೆ ಚಾವಣಿಗೆ ನೇತುಬಿಟ್ಟ ಖಾಲಿ ಕೇಬಲ್ ಟ್ರೇ ಮಾತ್ರ. ತಂತಿಯೂ ಇಲ್ಲ, ಟ್ರಾನ್ಸ್‌ಫಾರ್ಮರಿನಲ್ಲಿ ಜಾಗವೂ ಇಲ್ಲ.

ಶೇ. 20 ಎಂಬ ಲೆಕ್ಕ ಅಪಾರ್ಟ್‌ಮೆಂಟಿಗೆ ಬಂದರೆ ಇನ್ನೊಂದು ತಕರಾರು. ಪಾರ್ಕಿಂಗ್ ಜಾಗಗಳನ್ನು ಆಗಲೇ ಒಬ್ಬೊಬ್ಬರಿಗೆ ಹಂಚಿ ಆಗಿರುತ್ತದೆ. ನೂರು ಜಾಗದಲ್ಲಿ ಇಪ್ಪತ್ತಕ್ಕೆ ಚಾರ್ಜರ್ ಹಾಕಿದರೆ, ಆ ಇಪ್ಪತ್ತು ಯಾರದು? ಪೆಟ್ರೋಲ್ ಕಾರಿನವರ ಜಾಗದಲ್ಲಿ ಚಾರ್ಜರ್, ಇವಿಯವರ ಜಾಗದಲ್ಲಿ ಬರೀ ಕಂಬ. ಸರ್ವಸದಸ್ಯರ ಸಭೆಯಲ್ಲಿ ಇದನ್ನು ಚರ್ಚಿಸಿದ ರಾತ್ರಿ ಎದುರು ಫ್ಲ್ಯಾಟಿನವರು ನನ್ನ ಜೊತೆ ಮಾತು ಬಿಟ್ಟರು.

ನಮಗೆ ಉಪಯೋಗಕ್ಕೆ ಬಂದದ್ದು ಕಟ್ಟಡ ಉಪವಿಧಿ ಅಲ್ಲವೇ ಅಲ್ಲ, 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ. ಇವಿ ಚಾರ್ಜಿಂಗಿಗೆ ಗ್ರಾಹಕ ಪ್ರತ್ಯೇಕ ಸಂಪರ್ಕ ಕೇಳಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದರ ಪ್ರತಿ ಹಿಡಿದುಕೊಂಡು ಹೋದ ಮೇಲೆ ಸಂಘದವರ ದನಿ ಸ್ವಲ್ಪ ತಗ್ಗಿತು. ಬೆಂಕಿಯ ಭಯ ಹೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ: ಸರಿಯಾದ ಪಾಯಿಂಟ್ ಕೊಡದಿದ್ದರೆ ಜನ ಕದ್ದುಮುಚ್ಚಿ ಲಿಫ್ಟಿನ ಪಕ್ಕದ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ನಮ್ಮಲ್ಲಿ ಸ್ಕೂಟರಿನ ಹುಡುಗನೊಬ್ಬ ಹಾಗೆಯೇ ಮಾಡುತ್ತಿದ್ದ, ಪಾಪ.

ಬಸವನಗುಡಿ ಕಾಫಿ

ಇಷ್ಟೆಲ್ಲ ಯಾಕೆ? ಹೆದ್ದಾರಿಯಲ್ಲಿ ಅಷ್ಟೊಂದು ಚಾರ್ಜಿಂಗ್ ಕೇಂದ್ರಗಳು ಬಂದಿವೆ. ಮಗ ಬರುವ ದಾರಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ ತುಂಬಿಸಿಕೊಂಡು ಬರಲಿ. ಇನ್ನು ಐದು ವರ್ಷದಲ್ಲಿ ಪ್ಲಗ್ ಬದಲಾಗುತ್ತದೆ, ತಂತ್ರಜ್ಞಾನ ಬದಲಾಗುತ್ತದೆ. ಮನೆ ಗೋಡೆಗೆ ದುಡ್ಡು ಸುರಿಯಬೇಡಿ.

ಲೈನ್‌ಮನ್ ಮಗ, ಹಾಸನ

@ಬಸವನಗುಡಿ ಕಾಫಿ, ಪ್ಲಗ್ ಬದಲಾಗಲಿ, ಪೈಪು ಬದಲಾಗುವುದಿಲ್ಲ. ನಾನು ಡಬ್ಬಿ ಹಾಕಿಸಿ ಎಂದಿಲ್ಲ. ಕಾರಿಗೆ ಹೆದ್ದಾರಿ ಸರಿ, ಮೇಲಿನ ಮನೆಯ ಹುಡುಗನ ಸ್ಕೂಟರ್ ಹೆದ್ದಾರಿಗೆ ಹೋಗಿ ಅರ್ಧ ಗಂಟೆ ನಿಲ್ಲುತ್ತದೆಯೇ?

ಗೌರಿ, ಮಿಲ್ಟನ್ ಕೀನ್ಸ್

ಇಂಗ್ಲೆಂಡಿನ ಅನುಭವ ಕೇಳುವವರಿದ್ದರೆ ಹೇಳುತ್ತೇನೆ. ಇಲ್ಲಿ 2022ರ ಜೂನ್ 15ರಿಂದ ಕಟ್ಟಡ ನಿಯಮಗಳಿಗೆ 'ಪಾರ್ಟ್ ಎಸ್' ಸೇರಿದೆ. ಪಾರ್ಕಿಂಗ್ ಇರುವ ಹೊಸ ಮನೆಗೆ ಕನಿಷ್ಠ 7 ಕಿಲೋವ್ಯಾಟಿನ ಚಾರ್ಜಿಂಗ್ ಪಾಯಿಂಟನ್ನು ಬಿಲ್ಡರೇ ಹಾಕಿಕೊಡಬೇಕು. ಕೌನ್ಸಿಲ್ಲಿನ ಕಟ್ಟಡ ತಪಾಸಣೆ ವಿಭಾಗವೋ, ನೋಂದಾಯಿತ ಖಾಸಗಿ ತಪಾಸಣಾಧಿಕಾರಿಯೋ ಬಂದು ನೋಡಿ ಒಪ್ಪಬೇಕು. ಅಪಾರ್ಟ್‌ಮೆಂಟಿನಂಥ ಕಡೆ ಹತ್ತಕ್ಕಿಂತ ಹೆಚ್ಚು ಜಾಗಗಳಿದ್ದರೆ ಚಾರ್ಜರ್ ಇಲ್ಲದ ಉಳಿದ ಜಾಗಗಳಿಗೂ ಕೇಬಲ್ ಹೋಗುವ ದಾರಿ ಬಿಟ್ಟಿರಬೇಕು. ಗ್ರಿಡ್ ಸಂಪರ್ಕದ ಖರ್ಚು ಒಂದು ಪಾಯಿಂಟಿಗೆ ಸರಾಸರಿ 3,600 ಪೌಂಡ್ ಮೀರಿದರೆ ಬಿಲ್ಡರಿಗೆ ವಿನಾಯಿತಿ ಸಿಗುತ್ತದೆ.

ಇದಕ್ಕೆ ಮೊದಲೇ ಲಂಡನ್ ತನ್ನ 2021ರ ನಗರ ಯೋಜನೆಯಲ್ಲಿ ಹೊಸ ವಸತಿ ಕಟ್ಟಡಗಳ ಶೇ. 20 ಜಾಗಗಳಿಗೆ ನಿಜವಾದ ಚಾರ್ಜರ್, ಉಳಿದ ಎಲ್ಲಕ್ಕೂ ಮುಂದೆ ಹಾಕಿಕೊಳ್ಳಲು ಬೇಕಾದ ಸಿದ್ಧತೆ ಎಂದು ಬರೆದಿತ್ತು. ಆ ಶೇ. 20 ನಿಮ್ಮ ಮಾದರಿ ಉಪವಿಧಿಯಲ್ಲೂ ಇದೆ, ಉಳಿದ ಶೇ. 80ಕ್ಕೆ ಪೈಪು ಎಂಬ ಮಾತು ಲಂಡನ್ನಿನದು. ಶೈಲಜಾ ಅವರ ಜಗಳ ಹುಟ್ಟುವುದೇ ಆ ಎಂಬತ್ತರಲ್ಲಿ.

ಎಲ್ಲ ಸೊಗಸಾಗಿದೆ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ನಿಯಮದ ಪ್ರಕಾರ ಚಾರ್ಜರ್ ಇದೆ, ಮನೆಯ ಎಡಮೂಲೆಯಲ್ಲಿ. ನಮ್ಮ ಕಾರಿನ ಚಾರ್ಜಿಂಗ್ ಬಾಯಿ ಬಲಕ್ಕೆ. ಚಾರ್ಜರಿನಲ್ಲಿ ಸಾಕೆಟ್ ಮಾತ್ರ ಇರುತ್ತದೆ, ಕೇಬಲ್ ನಮ್ಮದೇ. ದಿನಾ ಸಂಜೆ ನನ್ನ ಗಂಡ ಕೇಬಲ್ಲನ್ನು ಬಾನೆಟ್ಟಿನ ಮೇಲೆ ಹಾಯಿಸಿ, ಕಾರಿಗೆ ಗೆರೆ ಬೀಳದಿರಲಿ ಎಂದು ಹಳೆಯ ಪಂಚೆಯೊಂದನ್ನು ಅಡಿಗೆ ಹಾಸುತ್ತಾರೆ. ಬಿಲ್ಡರನ್ನು ಕೇಳಿದರೆ, ನಿಯಮ ಪಾಲಿಸಿದ್ದೇವೆ ಎಂದರು. ನಿಜ, ಪಾಲಿಸಿದ್ದಾರೆ. ಆದ್ದರಿಂದ ಮೇಷ್ಟ್ರೇ, ಸಾಕೆಟ್ ಎಲ್ಲಿ ಬರಬೇಕೆಂದು ಗುರುತು ಹಾಕುವ ದಿನ ಮಗನ ಕಾರನ್ನು ಅಲ್ಲಿ ನಿಲ್ಲಿಸಿ ನೋಡಿ.

ಇನ್ನೊಂದು ಇಲ್ಲಿನ ವಿಶೇಷ. ಮನೆ ಚಾರ್ಜರುಗಳು ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ 11 ಮತ್ತು ಸಂಜೆ 4ರಿಂದ 10ರವರೆಗೆ ತಾವಾಗಿ ಚಾರ್ಜ್ ಮಾಡದಂತೆ ಹೊಂದಿಸಿಯೇ ಮಾರಬೇಕು. ಬೇಕಿದ್ದರೆ ನಾವು ಬದಲಿಸಿಕೊಳ್ಳಬಹುದು. ನಿಗದಿಯಾದ ಹೊತ್ತಿಗೆ ಶುರುವಾಗುವಾಗಲೂ ಹತ್ತು ನಿಮಿಷದವರೆಗೆ ಬೇಕೆಂದೇ ತಡಮಾಡುತ್ತದೆ, ಊರಿನ ಕಾರುಗಳೆಲ್ಲ ಒಂದೇ ಕ್ಷಣಕ್ಕೆ ಕರೆಂಟ್ ಎಳೆಯದಿರಲಿ ಎಂದು. ಮೊದಲ ರಾತ್ರಿ ಕೆಟ್ಟುಹೋಗಿದೆ ಎಂದುಕೊಂಡು ಸಹಾಯವಾಣಿಗೆ ಫೋನ್ ಮಾಡುವವರು ಬಹಳ.

ನಿವೃತ್ತ ಮೇಷ್ಟ್ರು, ತುಮಕೂರು

ಎಲ್ಲರಿಗೂ ಧನ್ಯವಾದ. ಷರತ್ತುಗಳ ಹಾಳೆ ಬಿಚ್ಚಿದೆ. ಮಳೆನೀರು ಕೊಯ್ಲು ಇದೆ, ಗಿಡ ನೆಡುವುದಿದೆ, ಪಾರ್ಕಿಂಗನ್ನು ಬೇರೆ ಉದ್ದೇಶಕ್ಕೆ ಬಳಸಬಾರದೆಂದಿದೆ. ನನ್ನ ಹಾಳೆಯಲ್ಲಿ ಇವಿ ಎಂಬ ಎರಡಕ್ಷರ ಎಲ್ಲೂ ಇಲ್ಲ. ಎಂಜಿನಿಯರಿಗೆ ತೋರಿಸಿದೆ. "ಮುಂದೆ ಬರುತ್ತದೆ ಸರ್" ಎಂದರು. ಮುಂದೆ ಬರುವ ಪಾಠಕ್ಕೆ ಈಗಲೇ ಪರೀಕ್ಷಾ ಶುಲ್ಕ ಕಟ್ಟುವುದಿಲ್ಲ ಎಂದೆ. 38,000ದ ವಿವರ ಬರೆಸಿದೆ. ಅದರಲ್ಲಿ ಮುಕ್ಕಾಲು ಪಾಲು ಆ ಗೋಡೆಯ ಡಬ್ಬಿಯದೇ. ಅದನ್ನು ಹೊಡೆದುಹಾಕಿ ಮೂರು ಪೈಪು, ಮೂರು ಪಾಯಿಂಟ್ ಎಂದು ತೀರ್ಮಾನವಾಗಿದೆ.

ಆದರೆ ಮನೆಯಲ್ಲಿ ನನಗೆ ಬಿಡುಗಡೆ ಇಲ್ಲ. ಗೃಹ ಜ್ಯೋತಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಎಂದು ನನ್ನಾಕೆ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದರು. ನಮ್ಮ ಬಳಕೆ ತಿಂಗಳಿಗೆ 90 ಯೂನಿಟ್ ಆಸುಪಾಸು. ಮಗ ವಾರಕ್ಕೊಮ್ಮೆ ಬ್ಯಾಟರಿ ತುಂಬಿಸಿಕೊಂಡರೆ 30 ಯೂನಿಟ್ ಮೇಲೆಯೇ ಹೋಗುತ್ತದೆ. ನಾಲ್ಕು ವಾರಕ್ಕೆ 120. ಕೂಡಿದರೆ 210. ಕೂಡುವ ಲೆಕ್ಕ ನನಗೆ ಬರುತ್ತದೆ, ಅದರಾಚೆ ಸರ್ಕಾರ ಹೇಗೆ ಕಳೆಯುತ್ತದೆ ಎಂಬುದು ತಿಳಿಸಿ.

ಲೈನ್‌ಮನ್ ಮಗ, ಹಾಸನ

ಅಕ್ಕನವರ ಪ್ರಶ್ನೆಯೇ ಎಲ್ಲಕ್ಕಿಂತ ನೇರವಾದದ್ದು, ಬಿಟ್ಟುಹೋದದ್ದಕ್ಕೆ ಬೈಗುಳ ಒಪ್ಪಿಕೊಂಡಿದ್ದೇನೆ.

200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು. ಹಾಗೆಂದು 199ರವರೆಗೆ ಎಲ್ಲವೂ ಉಚಿತವೆಂದಲ್ಲ. ನಿಮ್ಮ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅರ್ಹತೆಯ ಮಿತಿ ಇಟ್ಟಿರುತ್ತಾರೆ, ಅದನ್ನು ಮೀರಿದಷ್ಟಕ್ಕೆ ದುಡ್ಡು. ಸೇರಿಸುವುದು ಮೊದಲು ಎಲ್ಲರಿಗೂ ಶೇ. 10 ಇತ್ತು, 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗೆ ಅದನ್ನು 10 ಯೂನಿಟ್ ಎಂದು ಬದಲಿಸಿದರು. ಹೊಸ ಮೀಟರಿಗೆ ಹಳೆಯ ಸರಾಸರಿ ಎಲ್ಲಿಂದ ಬರಬೇಕು? ರಾಜ್ಯದ ಸರಾಸರಿ 53 ಯೂನಿಟ್ ಎಂದು ಹಿಡಿದು ಯೋಜನೆ ಶುರುವಾದಾಗ ಹೊಸ ಮನೆಗಳಿಗೆ 58 ಕೊಟ್ಟರು. ಅಂದರೆ ನಿಮ್ಮ ಹೊಸ ಮನೆಯಲ್ಲಿ ಕಾರು ಇಲ್ಲದೆಯೂ 90ರಲ್ಲಿ ಸ್ವಲ್ಪ ಭಾಗಕ್ಕೆ ಬಿಲ್ ಬರುವ ಸಾಧ್ಯತೆಯೇ ಹೆಚ್ಚು. ಮನೆ ಬದಲಿಸುವಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ ಆಧಾರ್ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸದಕ್ಕೆ ಅರ್ಜಿ ಹೋಗುವುದಿಲ್ಲ.

ಕಾರನ್ನು ಪ್ರತ್ಯೇಕ ಮೀಟರಿಗೆ ಹಾಕಿದರೆ ಮನೆಯ ಲೆಕ್ಕ ಮುಟ್ಟುವುದಿಲ್ಲ. ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಕೆಇಆರ್‌ಸಿಯ ದರಪಟ್ಟಿಯಲ್ಲಿ ಇವಿ ಚಾರ್ಜಿಂಗಿಗೆ ಎಲ್‌ಟಿ-6 ಅಡಿ ಬೇರೆಯದೇ ವರ್ಗ ಇದೆ. ಆದರೆ ಅದಕ್ಕೆ ಠೇವಣಿ, ತಿಂಗಳ ನಿಗದಿತ ಶುಲ್ಕ ಎಲ್ಲ ಬೇರೆ. ಕಾರು ಬರಲಿ ಬಿಡಲಿ ಶುಲ್ಕ ಬರುತ್ತದೆ. ದಿನಾ ಓಡಿಸುವವರಿಗೆ ಸರಿ, ವಾರಾಂತ್ಯದ ಮಗನಿಗೆ ಬೇಡ. ನಾಲ್ಕು ವಾರದಲ್ಲಿ ಒಂದು ಸಲ ಅವನು ಬೆಂಗಳೂರಿನಲ್ಲೇ ತುಂಬಿಸಿಕೊಂಡು ಬಂದರೆ 180ಕ್ಕೆ ಇಳಿಯಿತಲ್ಲ. ಅಷ್ಟು ಅಮ್ಮನಿಗಾಗಿ ಮಾಡಬಹುದು.

ಮಂಜೂರಾತಿ ಹೊರೆ (ಎಷ್ಟು ಕಿಲೋವ್ಯಾಟ್ ಬೇಕೆಂಬುದು) ಕೇಳುವಾಗ ನಿಮ್ಮ ಮೀಟರಿಗೆ ಕಾರಿನ 3.3 ಕಿಲೋವ್ಯಾಟ್ ಸೇರಿಸಿ ಕೇಳಿ. ಬಾಡಿಗೆ ಮನೆಗಳಿಗೆ ಹೆಚ್ಚು ಬೇಡ, ಸ್ಕೂಟರಿನ ಚಾರ್ಜರ್ ಒಂದು ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ, ಗೀಸರಿಗಿಂತ ಕಡಿಮೆ. ಕಿಲೋವ್ಯಾಟಿಗಿಷ್ಟು ಎಂದು ತಿಂಗಳ ಶುಲ್ಕ ಬೀಳುವುದರಿಂದ ಇರಲಿ ಎಂದು ಹತ್ತು ಕೇಳಬೇಡಿ. ಅರ್ಥಿಂಗ್ ಗುಂಡಿಗೆ ಮಾತ್ರ ಕಂಜೂಸು ಬೇಡ, ತುಮಕೂರಿನ ಬಂಡೆ ನೆಲಕ್ಕೆ ಆಳವಾಗಿ ತೋಡಿಸಿ, ನೀರು ಹಾಕಲು ಬಾಯಿ ಬಿಡಿಸಿ.

ಗಾರೆ ಬಳಿಯುವ ಮುಂಚೆ ಪೈಪುಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ತಂತಿ ಎಳೆಯಲು ಒಳಗೆ ಎಳೆದಾರ ಬಿಟ್ಟಿದ್ದಾರೆಯೇ ನೋಡಿ, ಎರಡೂ ತುದಿಗೆ ಬಿರಡೆ ಹಾಕಿಸಿ. ಇಲ್ಲದಿದ್ದರೆ ಗಾರೆಯವರು ಅದರೊಳಗೆ ಸಿಮೆಂಟ್ ತುಂಬಿಸಿಯೇ ಹೋಗುವುದು.